ಎದೆ ಡವಗುಟ್ಟಿದಾಗ ಮೊದಲು ನೋಡಬೇಕಾದ ಎರಡು ಅಂಕಿ

(ಸಕ್ಕರೆ ಕಾಯಿಲೆ ಮತ್ತು ಹೃದಯ ಬಡಿತದ ಬಗೆಗಿನ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಸಕ್ಕರೆ ಕಾಯಿಲೆ ಇರುವವರು "ಎದೆ ಯಾಕೋ ಡವಡವ ಅಂತಿದೆ" ಎಂದರೆ ಸುತ್ತ ಇದ್ದವರಿಂದ ಸಾಮಾನ್ಯವಾಗಿ ಎರಡು ಸಲಹೆ ಬರುತ್ತವೆ. "ಶುಗರ್ ಇಳಿದಿರಬೇಕು, ಬಾಯಿಗೆ ಏನಾದರೂ ಸಿಹಿ ಹಾಕಿಕೊಳ್ಳಿ" ಎಂಬುದು ಒಂದು. "ಶುಗರ್ ಏರಿರಬೇಕು, ಮಾತ್ರೆ ತಗೊಂಡಿರಾ?" ಎಂಬುದು ಇನ್ನೊಂದು. ಎರಡೂ ಊಹೆ, ಎರಡೂ ಕೆಲವೊಮ್ಮೆ ನಿಜವಾಗುತ್ತವೆ. ಆ ಹೊತ್ತಿನ ಬಡಿತಕ್ಕೂ ಆ ಹೊತ್ತಿನ ಸಕ್ಕರೆಗೂ ಸಂಬಂಧವೇ ಇಲ್ಲದಿರಬಹುದು ಎಂಬ ಮೂರನೆಯ ಸಾಧ್ಯತೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಹೆಚ್ಚು ಅಪಾಯ ಇರುವುದು ಅಲ್ಲೇ. ಹಾಗಾಗಿ ಇವತ್ತಿನ ಮಾತೆಲ್ಲ ಒಂದೇ ವಿಷಯದ ಸುತ್ತ: ಎದೆ ಬಡಿದುಕೊಂಡಾಗ ಊಹೆ ಬಿಟ್ಟು ಶುಗರ್ ಮತ್ತು ನಾಡಿ, ಈ ಎರಡು ಅಂಕಿಗಳನ್ನು ಒಟ್ಟಿಗೆ, ಆ ಗಳಿಗೆಯಲ್ಲೇ ನೋಡಬೇಕು. ಒಂದೊಂದನ್ನೇ ನೋಡಿದರೆ ಅರ್ಧ ಕಥೆಯೂ ತಿಳಿಯುವುದಿಲ್ಲ.

ಬಡಿತದ ವೇಗ ಯಾರ ಕೈಯಲ್ಲಿದೆ?

ಹೃದಯದ ಮೇಲ್ಭಾಗದಲ್ಲಿ ಸೈನಸ್ ಗಂಟು ಎಂಬ ಪುಟ್ಟ ಜೀವಕೋಶಗಳ ಗುಂಪಿದೆ. ಯಾವ ನರದ ಹಂಗೂ ಇಲ್ಲದೆ ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಹೆಚ್ಚುಕಡಿಮೆ 100 ಬಾರಿ ಮಿಡಿಯುತ್ತದೆ. ಆರೋಗ್ಯವಂತರ ನಾಡಿ ಕೂತಲ್ಲಿ 60ರಿಂದ 80ರ ಆಸುಪಾಸು ಇರುವುದು ವೇಗಸ್ ನರ ಹಿಡಿದಿರುವ ಕಡಿವಾಣದಿಂದ. ಓಡುವಾಗ, ಹೆದರಿದಾಗ ಸಿಂಪಥೆಟಿಕ್ ನರಗಳೂ ಅಡ್ರಿನಲಿನ್ನೂ ಚಾವಟಿ ಬೀಸುತ್ತವೆ. ಅಂದರೆ ನಾಡಿ ಏರಲು ಎರಡು ದಾರಿ: ಚಾವಟಿಯ ಏಟು ಬೀಳಬೇಕು, ಇಲ್ಲವೇ ಕಡಿವಾಣ ಸಡಿಲವಾಗಬೇಕು. ಸಕ್ಕರೆ ಕಾಯಿಲೆಯಲ್ಲಿ ಎರಡೂ ಆಗುತ್ತವೆ, ಬೇರೆ ಬೇರೆ ಕಾರಣಕ್ಕೆ, ಬೇರೆ ಬೇರೆ ಕಾಲಕ್ಕೆ. ವಿಶ್ರಾಂತಿಯಲ್ಲಿ 60ರಿಂದ 100ರವರೆಗಿನ ನಾಡಿಯನ್ನು ಸಹಜ ಎನ್ನುತ್ತೇವೆ. 100 ದಾಟಿದರೆ ಅದು ವೇಗದ ಬಡಿತ. ನಾಡಿ 78 ಇದ್ದೂ ಎದೆ ಹೊಡೆದುಕೊಂಡಂತೆ ಅನಿಸಬಹುದು, 110 ಇದ್ದೂ ಏನೂ ಅನಿಸದೆ ಇರಬಹುದು. ಅನಿಸಿಕೆಯನ್ನು ನಂಬದೆ ಎಣಿಸಬೇಕು ಎನ್ನುವುದು ಇದಕ್ಕೇ.

ಸಕ್ಕರೆ ಇಳಿದಾಗ

ಮಿದುಳು ಹೆಚ್ಚಾಗಿ ಗ್ಲುಕೋಸ್ ಮೇಲೇ ಬದುಕುವ ಅಂಗ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಜಾರಿದರೆ ದೇಹ ಸುಮ್ಮನೆ ಕೂರುವುದಿಲ್ಲ. (ಮುಂದೆಲ್ಲ ಬರಿ ಅಂಕಿ ಹೇಳುತ್ತೇನೆ. ನಿಮ್ಮ ಮೀಟರು ಮಿಲಿಮೋಲ್ ಲೆಕ್ಕ ತೋರಿಸುತ್ತಿದ್ದರೆ ನನ್ನ ಅಂಕಿಯನ್ನು 18ರಿಂದ ಭಾಗಿಸಿ. 70 ಅಂದರೆ 3.9.) ಗ್ಲುಕಗಾನ್, ಅದರ ಹಿಂದೆಯೇ ಅಡ್ರಿನಲಿನ್ ರಕ್ತಕ್ಕೆ ಬರುತ್ತವೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಗೆ ತರಿಸುವುದು ಅವುಗಳ ಕೆಲಸ. ಆ ಕೆಲಸದ ಜೊತೆಗೇ ಅಡ್ರಿನಲಿನ್ ಎದೆ ಬಡಿತ ಏರಿಸುತ್ತದೆ, ಕೈ ನಡುಗಿಸುತ್ತದೆ. ಬೆವರು, ಹಸಿವು, ಕಾರಣವಿಲ್ಲದ ಕಳವಳ ಜೊತೆಗೂಡುತ್ತವೆ. 54ಕ್ಕಿಂತ ಕೆಳಗೆ ಹೋದರೆ ಮಿದುಳಿನ ಕೊರತೆಯೇ ಕಾಣಿಸಿಕೊಳ್ಳುತ್ತದೆ: ಮಾತು ತೊದಲುವುದು, ಕಣ್ಣು ಮಂಜಾಗುವುದು, ಹೇಳಿದ್ದು ಅರ್ಥವಾಗದಿರುವುದು, ವಿನಾಕಾರಣ ಸಿಟ್ಟು, ಕೊನೆಗೆ ಪ್ರಜ್ಞೆ ತಪ್ಪುವುದು.

ಇದು ಎಲ್ಲ ಔಷಧದಿಂದಲೂ ಆಗುವುದಿಲ್ಲ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರಲ್ಲಿ ಆಗುತ್ತದೆ. ಬರಿ ಮೆಟ್‌ಫಾರ್ಮಿನ್ ಮೇಲಿರುವವರಲ್ಲಿ ಅಪರೂಪ. ಹಾಗಾಗಿ ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರ ಎದೆ ಬಡಿದುಕೊಂಡರೆ "ಲೋ ಶುಗರ್" ಎಂದು ಮೊದಲೇ ತೀರ್ಮಾನಿಸಬೇಡಿ. ಊಟ ತಡವಾದ ದಿನ, ಎಂದಿಗಿಂತ ಹೆಚ್ಚು ನಡೆದ ಅಥವಾ ದುಡಿದ ದಿನ, ಮದ್ಯ ಕುಡಿದ ರಾತ್ರಿ, ಕಿಡ್ನಿ ಸೋಲುತ್ತಿರುವ ಕಾಲ, ಇವು ಸಕ್ಕರೆ ಇಳಿಯುವ ಸಂದರ್ಭಗಳು. ಮದ್ಯ ಯಕೃತ್ತು ಹೊಸದಾಗಿ ಸಕ್ಕರೆ ತಯಾರಿಸುವುದನ್ನು ತಡೆಯುತ್ತದೆ. ಕಿಡ್ನಿ ಕುಗ್ಗಿದರೆ ಇನ್ಸುಲಿನ್ನೂ ಗ್ಲಿಬೆನ್‌ಕ್ಲಮೈಡೂ ದೇಹದಿಂದ ಬೇಗ ಹೊರಹೋಗುವುದಿಲ್ಲ. ಅದೇ ಡೋಸು ಈಗ ಹೆಚ್ಚಾಗುತ್ತದೆ. ದೈಹಿಕ ಶ್ರಮದ ಪರಿಣಾಮ ಅಂದೇ ಮುಗಿಯದೆ 24 ಗಂಟೆಯವರೆಗೂ ಎಳೆಯಬಹುದು. ಸಂಜೆ ಬೆವರಿಳಿಸಿದವರ ಸಕ್ಕರೆ ನಡುರಾತ್ರಿ ಇಳಿಯುವುದು ಹೀಗೆ.

ಮಾಡಬೇಕಾದ್ದು ಸರಳ, ಆದರೆ ಅಳತೆ ತಪ್ಪಬಾರದು. ಬೇಗ ರಕ್ತಕ್ಕೆ ಸೇರುವ 15 ಗ್ರಾಂ ಸಕ್ಕರೆ ತಗೊಳ್ಳಿ: 4 ಗ್ರಾಮಿನ ಗ್ಲುಕೋಸ್ ಮಾತ್ರೆಯಾದರೆ ಮೂರು-ನಾಲ್ಕು, ಮನೆಯ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯಾದರೆ ಮೂರು-ನಾಲ್ಕು ಟೀ ಚಮಚ ನೀರಿನಲ್ಲಿ ಕರಗಿಸಿ, ಹಣ್ಣಿನ ರಸವಾದರೆ 120ರಿಂದ 150 ಮಿಲಿ. 15 ನಿಮಿಷ ಕಾದು ಮತ್ತೆ ನೋಡಿ. ಇನ್ನೂ 70ಕ್ಕಿಂತ ಕೆಳಗಿದ್ದರೆ ಅಷ್ಟನ್ನೇ ಇನ್ನೊಮ್ಮೆ. 70 ದಾಟಿದ ಮೇಲೆ ಮುಂದಿನ ಊಟ ಒಂದು ಗಂಟೆಗಿಂತ ದೂರವಿದ್ದರೆ ಸ್ವಲ್ಪ ಆಹಾರ ತಿನ್ನಿ. ಇಲ್ಲಿ ಆಗುವ ತಪ್ಪುಗಳು ಮೂರು ಬಗೆಯವು. ಚಾಕೊಲೇಟು, ಐಸ್‌ಕ್ರೀಮು ತಿನ್ನುವುದು. ಅವುಗಳಲ್ಲಿರುವ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಎದೆ ಬಡಿತ ನಿಲ್ಲುವವರೆಗೆ ತಿನ್ನುತ್ತಲೇ ಇರುವುದು ಎರಡನೆಯದು. ಸಕ್ಕರೆ ಸರಿಹೋದ ಮೇಲೂ ಅಡ್ರಿನಲಿನ್ ಇಳಿಯಲು ಹೊತ್ತು ಬೇಕು, ಅಷ್ಟರಲ್ಲಿ ಸಕ್ಕರೆ 300 ಮುಟ್ಟಿರುತ್ತದೆ. ಮೂರನೆಯದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ: ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆಯನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಅವರ ಜೇಬಿನಲ್ಲಿ ಗ್ಲುಕೋಸೇ ಇರಬೇಕು.

ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಆಂಬುಲೆನ್ಸ್ ಕರೆಯಿರಿ. ಮನೆಯಲ್ಲಿ ಗ್ಲುಕಗಾನ್ ಇದ್ದರೆ, ದೊಡ್ಡವರಿಗೆ 1 ಮಿಲಿಗ್ರಾಂ ಇಂಜೆಕ್ಷನ್ ಅಥವಾ ಮೂಗಿಗೆ ಬಿಡುವ 3 ಮಿಲಿಗ್ರಾಂ ಪುಡಿ ಕೊಡಬಹುದು.

ಚಾವಟಿ ಬೀಸದೆ ಉಳಿದಾಗ

ಇಲ್ಲಿಯವರೆಗೆ ಹೇಳಿದ್ದರಿಂದ ಎದೆ ಬಡಿತವನ್ನು ನಂಬಬಹುದಾದ ಎಚ್ಚರಿಕೆ ಗಂಟೆ ಎಂದುಕೊಂಡರೆ ಮೋಸಹೋಗುತ್ತೀರಿ. ಪದೇ ಪದೇ ಸಕ್ಕರೆ ಇಳಿಯುವವರಲ್ಲಿ ದೇಹ ಅದಕ್ಕೆ ಒಗ್ಗಿಕೊಂಡು ಅಡ್ರಿನಲಿನ್ ಬಿಡುವುದನ್ನೇ ತಡಮಾಡುತ್ತದೆ. ನಡುಕವಿಲ್ಲ, ಡವಗುಟ್ಟುವಿಕೆ ಇಲ್ಲ, ನೇರವಾಗಿ ಗಲಿಬಿಲಿ. ಕೆಲವು ವಾರ ಸಕ್ಕರೆ ಒಮ್ಮೆಯೂ 70ಕ್ಕಿಂತ ಇಳಿಯದಂತೆ ಕಾದುಕೊಂಡರೆ ಆ ಎಚ್ಚರಿಕೆ ಬಹಳ ಮಂದಿಯಲ್ಲಿ ಮರಳಿ ಬರುತ್ತದೆ. ರಕ್ತದೊತ್ತಡಕ್ಕೆ ಅಥವಾ ಹೃದಯಕ್ಕೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರದ್ದು ಇನ್ನೊಂದು ಪಾಡು. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಮುಂತಾದವು ಅಡ್ರಿನಲಿನ್ ಬಂದರೂ ಹೃದಯ ಓಡದಂತೆ ನೋಡಿಕೊಳ್ಳುತ್ತವೆ. ಕೈ ನಡುಕವೂ ಮುಚ್ಚಿಹೋಗುತ್ತದೆ. ಬೆವರನ್ನು ಮಾತ್ರ ಅವು ತಡೆಯುವುದಿಲ್ಲ. ಆದ್ದರಿಂದ ಈ ಮಾತ್ರೆಯ ಮೇಲಿರುವವರು ತಣ್ಣನೆಯ ಬೆವರು ಬಂದರೆ ನಾಡಿ 70 ಇದ್ದರೂ ಶುಗರ್ ನೋಡಲೇಬೇಕು. ಇದನ್ನು ಕೇಳಿ ಯಾರೂ ಬೀಟಾ ಬ್ಲಾಕರ್ ಬಿಡಬೇಡಿ. ದಿಢೀರನೆ ಬಿಟ್ಟರೆ ಬಡಿತವೂ ಒತ್ತಡವೂ ಒಮ್ಮೆಲೇ ಏರಿ ಹೃದಯಾಘಾತದವರೆಗೂ ಹೋಗಬಹುದು.

ನಿದ್ದೆಯಲ್ಲಿ ಸಕ್ಕರೆ ಇಳಿದಾಗ ಲೆಕ್ಕ ಮತ್ತೂ ತಿರುಗುಮುರುಗು. ಅಡ್ರಿನಲಿನ್ನಿನ ಮೊದಲ ಅಲೆ ಕಳೆದ ಮೇಲೆ ವೇಗಸ್ ನರದ ಕೈ ಮೇಲಾಗಿ ನಾಡಿ ಸಹಜಕ್ಕಿಂತ ನಿಧಾನವಾಗುವುದೂ ಉಂಟು. ಜೊತೆಗೆ ಇನ್ಸುಲಿನ್ನೂ ಅಡ್ರಿನಲಿನ್ನೂ ರಕ್ತದ ಪೊಟ್ಯಾಸಿಯಮ್ಮನ್ನು ಜೀವಕೋಶಗಳ ಒಳಗೆ ತಳ್ಳುವುದರಿಂದ ಪ್ರತಿ ಬಡಿತದ ನಂತರ ಹೃದಯದ ವಿದ್ಯುತ್ ಚೇತರಿಸಿಕೊಳ್ಳುವ ಅವಧಿ, ಇ.ಸಿ.ಜಿ.ಯಲ್ಲಿ ಕ್ಯೂಟಿ ಎಂದು ಅಳೆಯುವ ಅಂತರ, ಉದ್ದವಾಗುತ್ತದೆ. ಅಪಾಯಕಾರಿ ತಾಳಗೇಡುಗಳಿಗೆ ಅದು ಬಾಗಿಲು ತೆರೆಯುತ್ತದೆ. ವಯಸ್ಸಾದವರಲ್ಲಿ, ಹೃದಯದ ತೊಂದರೆ ಇದ್ದವರಲ್ಲಿ ಸಕ್ಕರೆಯನ್ನು ತೀರಾ ಬಿಗಿಯಾಗಿ ಹಿಡಿಯಬಾರದು ಎನ್ನಲು ಇದೂ ಒಂದು ಕಾರಣ. ಟೈಪ್ 2 (ದೇಹದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ, ಹೆಚ್ಚಿನವರಲ್ಲಿ ಕಾಣುವ ಬಗೆ) ಇದ್ದ 10,251 ಮಂದಿಯ ಮೇಲೆ ನಡೆದ ಅಕಾರ್ಡ್ ಅಧ್ಯಯನದಲ್ಲಿ ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು (ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ) ಶೇ. 6ಕ್ಕಿಂತ ಕೆಳಗೆ ತರಲು ಹೊರಟ ಗುಂಪಿನಲ್ಲಿ ಸಾವು ಹೆಚ್ಚಾಗಿ, 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಸಾವಿಗೆ ಲೋ ಶುಗರೇ ಕಾರಣ ಎಂದು ಅದರಿಂದ ಸಾಬೀತಾಗಲಿಲ್ಲ. ಆದರೆ ಎಲ್ಲರಿಗೂ ಒಂದೇ ಗುರಿ ಎಂಬ ಹಟ ಆ ನಂತರ ಸಡಿಲವಾಯಿತು, ಅದು ಒಳ್ಳೆಯದೇ ಆಯಿತು.

ಸಕ್ಕರೆ ಏರಿದಾಗ

ಒಂದು ಊಟದ ನಂತರ ಸಕ್ಕರೆ 220 ಆದ ಮಾತ್ರಕ್ಕೆ ಎದೆ ಬಡಿದುಕೊಳ್ಳುವುದು ಕಡಿಮೆ. ಇಲ್ಲಿ ಬಡಿತ ಏರಿಸುವುದು ನೀರಿನ ನಷ್ಟ. ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿ ಅದನ್ನೆಲ್ಲ ಹಿಡಿದಿಟ್ಟುಕೊಳ್ಳಲಾರದೆ ಮೂತ್ರಕ್ಕೆ ಬಿಡುತ್ತದೆ, ಸಕ್ಕರೆ ತನ್ನ ಜೊತೆ ನೀರು, ಸೋಡಿಯಂ, ಪೊಟ್ಯಾಸಿಯಮ್ಮನ್ನೂ ಎಳೆದೊಯ್ಯುತ್ತದೆ. ಗಂಟೆಗಟ್ಟಲೆ, ದಿನಗಟ್ಟಲೆ ಹೀಗಾದರೆ ರಕ್ತನಾಳಗಳಲ್ಲಿ ಓಡಾಡುವ ರಕ್ತದ ಪ್ರಮಾಣವೇ ಕುಗ್ಗುತ್ತದೆ. ಒಂದೊಂದು ಬಡಿತಕ್ಕೆ ಹೊರಹೋಗುವ ರಕ್ತ ಕಡಿಮೆಯಾದಾಗ ಹೃದಯ ಬಡಿತದ ಸಂಖ್ಯೆ ಹೆಚ್ಚಿಸಿ ಸರಿದೂಗಿಸುತ್ತದೆ. ಒಣಗಿದ ನಾಲಗೆ, ಎದ್ದು ನಿಂತರೆ ತಲೆಸುತ್ತು, ಜೊತೆಗೆ 110-120ರ ನಾಡಿ ಕಂಡರೆ ಅದು ನೀರು ಹೋಗಿರುವ ಲಕ್ಷಣ.

ಇನ್ಸುಲಿನ್ ತೀರಾ ಕೊರತೆಯಾದರೆ ದೇಹ ಕೊಬ್ಬನ್ನು ಒಡೆದು ಕೀಟೋನ್ ತಯಾರಿಸುತ್ತದೆ, ರಕ್ತ ಆಮ್ಲವಾಗುತ್ತದೆ. ವೇಗದ ನಾಡಿ, ಆಳವಾದ ದೀರ್ಘ ಉಸಿರು, ವಾಂತಿ, ಹೊಟ್ಟೆನೋವು ಒಟ್ಟಿಗೆ ಬಂದರೆ ಅದು ಆಸ್ಪತ್ರೆಯ ಕೆಲಸ. ಟೈಪ್ 1 (ದೇಹ ಇನ್ಸುಲಿನ್ನನ್ನೇ ತಯಾರಿಸದ ಬಗೆ) ಇರುವವರು ಸಕ್ಕರೆ 250 ದಾಟಿ ಮೈ ಸರಿಯಿಲ್ಲದಿದ್ದರೆ ರಕ್ತದ ಕೀಟೋನ್ ನೋಡಬೇಕು: ಲೀಟರಿಗೆ 0.6 ಮಿಲಿಮೋಲ್‌ಗಿಂತ ಕೆಳಗಾದರೆ ಸಹಜ, 1.5 ದಾಟಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು, 3 ಮುಟ್ಟಿದರೆ ತುರ್ತು ಚಿಕಿತ್ಸೆ. ಊಟ ಸೇರುತ್ತಿಲ್ಲ ಎಂದು ಟೈಪ್ 1 ಇರುವವರು ಇನ್ಸುಲಿನ್ ಪೂರ್ತಿ ನಿಲ್ಲಿಸುವುದೇ ಈ ಸ್ಥಿತಿಗೆ ಬಂದು ಮುಟ್ಟುವ ಹಳೆಯ ದಾರಿ. ಹೊಸ ದಾರಿಯೊಂದೂ ಸೇರಿಕೊಂಡಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳ ಮೇಲಿರುವವರಲ್ಲಿ ಸಕ್ಕರೆ 180-200 ಇದ್ದಾಗಲೇ ಕೀಟೋನ್ ಏರಬಹುದು. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮಾತ್ರೆಗಳೇ ಅವು. ಆದರೆ ವಾಂತಿ, ಭೇದಿ, ಉಪವಾಸ, ಶಸ್ತ್ರಚಿಕಿತ್ಸೆಯ ದಿನಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಬೇಕಾದವು. ಶಸ್ತ್ರಚಿಕಿತ್ಸೆಗೆ ಮೂರು ದಿನ ಮುಂಚೆ ನಿಲ್ಲಿಸುವುದು ವಾಡಿಕೆ. ಇವುಗಳ ಮೇಲಿದ್ದು ವಾಂತಿ ಮತ್ತು ವೇಗದ ನಾಡಿ ಇದ್ದರೆ "ಶುಗರ್ ಬರಿ 190, ಚಿಂತೆಯಿಲ್ಲ" ಎನ್ನಬೇಡಿ.

ಕಡಿವಾಣವೇ ಸವೆದಾಗ

ಈಗ ಹೇಳುವ ಸ್ಥಿತಿ ಸದ್ದು ಮಾಡುವುದಿಲ್ಲ, ಅದಕ್ಕೇ ಹೆಚ್ಚು ಹೊತ್ತು ಇಲ್ಲಿ ನಿಲ್ಲುತ್ತೇನೆ. ವರ್ಷಗಟ್ಟಲೆ ಏರಿದ ಸಕ್ಕರೆ ಪಾದದ ನರಗಳನ್ನು ಸವೆಸುವುದು ಎಲ್ಲರಿಗೂ ಗೊತ್ತು. ಅದೇ ಸಕ್ಕರೆ ಹೃದಯದ ಸ್ವಾಯತ್ತ ನರಗಳನ್ನೂ, ಅಂದರೆ ನಮ್ಮ ಇಚ್ಛೆಗೆ ಕಾಯದೆ ತಾವೇ ಕೆಲಸ ಮಾಡುವ ನರಗಳನ್ನೂ, ಸವೆಸುತ್ತದೆ. ಉದ್ದದ ನರಗಳಿಗೆ ಮೊದಲು ಪೆಟ್ಟು. ಸ್ವಾಯತ್ತ ನರಗಳಲ್ಲಿ ಅತಿ ಉದ್ದದ್ದು ವೇಗಸ್, ಅಂದರೆ ಬಡಿತವನ್ನು ಹಿಡಿದಿಡುವ ನರವೇ ಮೊದಲು ಸೋಲುತ್ತದೆ. ಫಲವಾಗಿ ಕೂತಲ್ಲೂ ನಾಡಿ 90-100, ಕೆಲವರಲ್ಲಿ ಅದಕ್ಕೂ ಹೆಚ್ಚು. ನಿದ್ದೆಯಲ್ಲೂ ಸರಿಯಾಗಿ ಇಳಿಯದು. ಮುಂದೆ ಸಿಂಪಥೆಟಿಕ್ ನರವೂ ಸೋತರೆ ಬಡಿತ ಒಂದೇ ಅಂಕಿಗೆ ಅಂಟಿಕೊಂಡು, ಮೆಟ್ಟಿಲು ಹತ್ತಿದರೂ ಏರದೆ, ಮಲಗಿದರೂ ಇಳಿಯದೆ ಉಳಿಯುತ್ತದೆ. ಆ ಹೊತ್ತಿನ ಸಕ್ಕರೆ 110 ಇದ್ದರೂ ನಾಡಿ 104 ಇರುತ್ತದೆ, ಏಕೆಂದರೆ ಇದು ಇಂದಿನ ಸಕ್ಕರೆಯ ಫಲವಲ್ಲ, ಹಿಂದಿನ ವರ್ಷಗಳದ್ದು.

ಪತ್ತೆ ಮಾಡಲು ದುಬಾರಿ ಯಂತ್ರ ಬೇಡ. ಎಡಿನ್‌ಬರ್ಗಿನ ಈವಿಂಗ್ ಮತ್ತು ಕ್ಲಾರ್ಕ್ ಬಳಕೆಗೆ ತಂದ ಪರೀಕ್ಷೆಗಳು ಇಂದಿಗೂ ಆಧಾರ. ಇ.ಸಿ.ಜಿ. ಹಚ್ಚಿಕೊಂಡು 5 ಸೆಕೆಂಡ್ ಉಸಿರು ಒಳಗೆ, 5 ಸೆಕೆಂಡ್ ಹೊರಗೆ, ನಿಮಿಷಕ್ಕೆ ಆರು ಉಸಿರು. ಒಳಗೆಳೆದಾಗ ಬಡಿತ ಏರಬೇಕು, ಬಿಟ್ಟಾಗ ಇಳಿಯಬೇಕು. ಏರಿಳಿತದ ಅಂತರ 15 ಅಥವಾ ಹೆಚ್ಚಿದ್ದರೆ ನರ ಚೆನ್ನಾಗಿದೆ. 10 ಅಥವಾ ಕಡಿಮೆಯಾದರೆ ಹಾಳಾಗಿದೆ. ವಯಸ್ಸಾದಂತೆ ಈ ಅಂತರ ತಾನಾಗಿಯೇ ಕುಗ್ಗುವುದರಿಂದ ವಯಸ್ಸಿಗೆ ತಕ್ಕ ಅಳತೆಯಲ್ಲಿ ಓದಬೇಕು. ಎರಡನೆಯದು, ಮಲಗಿದವರನ್ನು ಎಬ್ಬಿಸಿ ನಿಲ್ಲಿಸಿ ರಕ್ತದೊತ್ತಡ ನೋಡುವುದು. ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತೊಂದರೆ ಇದೆ. ಮೂರನೆಯದರಲ್ಲಿ 40 ಮಿ.ಮೀ. ಒತ್ತಡದಲ್ಲಿ 15 ಸೆಕೆಂಡ್ ಕೊಳವೆಗೆ ಊದಿಸುತ್ತಾರೆ. ಕಣ್ಣಿನ ಪರದೆಯಲ್ಲಿ ಹೊಸ ರಕ್ತನಾಳ ಬೆಳೆದವರಿಗೆ ಇದನ್ನು ಮಾಡಿಸಬಾರದು, ರಕ್ತಸ್ರಾವ ಆಗಬಹುದು. ಪರೀಕ್ಷೆಗೆ ಮುಂಚೆ ಕಾಫಿ, ಸಿಗರೇಟು ಬೇಡ, ಸಕ್ಕರೆ ಇಳಿದ ದಿನವೂ ಬೇಡ.

ಪತ್ತೆಯಾದರೆ ಏನು ಲಾಭ? ಮೂರು ವಿಷಯ ಬದಲಾಗುತ್ತವೆ. ಇಂಥವರಿಗೆ ಹೃದಯಾಘಾತ ಎದೆನೋವಿಲ್ಲದೆ ಬರಬಹುದು. ಇದ್ದಕ್ಕಿದ್ದಂತೆ ಏದುಸಿರು, ಬೆವರು, ಸುಸ್ತು, ವಾಂತಿ ಇಷ್ಟೇ ಕಾಣಿಸಬಹುದು. ಬೆವರಿ ಎದೆ ಡವಗುಟ್ಟುತ್ತಿದ್ದು ಶುಗರ್ 130 ಎಂದು ತೋರಿದರೆ ಸಮಾಧಾನಪಡುವುದಲ್ಲ, ಇ.ಸಿ.ಜಿ.ಗೆ ಓಡಬೇಕು. ಎರಡನೆಯದಾಗಿ ವ್ಯಾಯಾಮಕ್ಕೆ ವಯಸ್ಸಿನ ಲೆಕ್ಕದ ನಾಡಿ ಗುರಿ ಇವರಿಗೆ ಹೊಂದುವುದಿಲ್ಲ. ಮಾತಾಡುತ್ತ ನಡೆಯಲು ಆಗುವಷ್ಟು ವೇಗವೇ ಅಳತೆ. ಮೂರನೆಯದು, ಅರಿವಳಿಕೆ ಕೊಡುವ ವೈದ್ಯರಿಗೆ ಇದನ್ನು ಮೊದಲೇ ಹೇಳಬೇಕು, ಮೇಜಿನ ಮೇಲೆ ರಕ್ತದೊತ್ತಡ ಕುಸಿಯುವ ಸಾಧ್ಯತೆ ಇವರಲ್ಲಿ ಹೆಚ್ಚು. ಟೈಪ್ 2 ಇದ್ದವರು ಕಾಯಿಲೆ ಪತ್ತೆಯಾದಾಗಲೇ, ಟೈಪ್ 1 ಇದ್ದವರು ಐದು ವರ್ಷದ ನಂತರ ಈ ದೃಷ್ಟಿಯಿಂದ ನೋಡಿಸಿಕೊಳ್ಳುವುದು ಒಳ್ಳೆಯದು.

ತಾಳ ತಪ್ಪಿದ ನಾಡಿ

ವೇಗದ ಜೊತೆ ನಾಡಿ ಅಡ್ಡಾದಿಡ್ಡಿಯಾಗಿದ್ದರೆ ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಇತರರಿಗಿಂತ ಹೆಚ್ಚು. ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ರಕ್ತ ತಿಳಿಮಾಡುವ ಮಾತ್ರೆ ಬೇಕೇ ಎಂದು ವೈದ್ಯರು ಹಾಕುವ ಲೆಕ್ಕದಲ್ಲಿ ಸಕ್ಕರೆ ಕಾಯಿಲೆಗೇ ಒಂದು ಅಂಕವಿದೆ. ಎಷ್ಟು ಸಕ್ಕರೆ ನುಂಗಿದರೂ, ಬಿಟ್ಟರೂ ಈ ನಾಡಿ ಸರಿಹೋಗದು.

ಉಳಿದ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಜ್ವರ, ಸೋಂಕು ಸಕ್ಕರೆಯನ್ನೂ ಬಡಿತವನ್ನೂ ಒಟ್ಟಿಗೆ ಏರಿಸುತ್ತವೆ. ಥೈರಾಯ್ಡ್ ಹೆಚ್ಚಾದರೂ ಹಾಗೆಯೇ. ಟೈಪ್ 1 ಇದ್ದವರಲ್ಲಿ ಥೈರಾಯ್ಡ್ ತೊಂದರೆ ಸಾಮಾನ್ಯ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಇಳಿದು ರಕ್ತಹೀನತೆ ಬರಬಹುದು, ರಕ್ತಹೀನತೆಯಿಂದ ನಾಡಿ ಏರುತ್ತದೆ. ಉಬ್ಬಸಕ್ಕೆ ಎಳೆದುಕೊಳ್ಳುವ ಸಾಲ್ಬುಟಮಾಲ್ ಬಡಿತ ಏರಿಸುತ್ತದೆ, ಸಕ್ಕರೆಯನ್ನೂ ತುಸು ಏರಿಸುತ್ತದೆ. ಸೆಮಾಗ್ಲುಟೈಡ್, ಲಿರಾಗ್ಲುಟೈಡ್ ಇಂಜೆಕ್ಷನ್ ತಗೊಳ್ಳುವವರಲ್ಲಿ ನಾಡಿ ಕೆಲವು ಬಡಿತ ಹೆಚ್ಚುವುದು ಗೊತ್ತಿರುವ ಸಂಗತಿ.

ಅಳೆಯುವುದು ಹೇಗೆ

ಐದು ನಿಮಿಷ ಕೂತು, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನಲ್ಲಿ ತೋರುಬೆರಳು, ನಡುಬೆರಳು ಇಟ್ಟು ಎಣಿಸಿ. ಹೆಬ್ಬೆರಳಿನಿಂದ ಎಣಿಸಬೇಡಿ, ಅದರಲ್ಲೇ ನಾಡಿ ಇದೆ. ತಾಳ ಸರಿಯಿದ್ದರೆ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ತಪ್ಪಿದ್ದರೆ ಪೂರ್ತಿ ನಿಮಿಷ ಎಣಿಸಿ. ಕೈಗಡಿಯಾರದ ಮೀಟರು ತಾಳ ತಪ್ಪಿದ ನಾಡಿಯಲ್ಲಿ ತಪ್ಪು ಅಂಕಿ ತೋರಬಹುದು. ಶುಗರ್ ನೋಡುವ ಮುಂಚೆ ಕೈ ತೊಳೆದು ಒರೆಸಿ. ಹಣ್ಣು ಮುಟ್ಟಿದ ಬೆರಳು 60ನ್ನು 160 ಎಂದು ತೋರಿಸಿಬಿಡಬಹುದು, ಲೋ ಶುಗರ್ ಹಾಗೆ ಕಣ್ತಪ್ಪುತ್ತದೆ. ಎರಡೂ ಅಂಕಿಗಳನ್ನು ಹೊತ್ತಿನ ಸಮೇತ ಬರೆದಿಡಿ. ಪಕ್ಕದಲ್ಲಿ ಕೊನೆಯ ಊಟ, ಕೊನೆಯ ಮಾತ್ರೆ.

ಸಭಿಕರ ಪ್ರಶ್ನೆಗಳಲ್ಲಿ ಕೆಲವು

ಮೀಟರ್ ಹತ್ತಿರ ಇಲ್ಲದಿದ್ದರೆ? ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಬಗೆಯ ಮಾತ್ರೆ ತಗೊಳ್ಳುವವರು ಲೋ ಎಂದೇ ಭಾವಿಸಿ 15 ಗ್ರಾಂ ಗ್ಲುಕೋಸ್ ತಗೊಳ್ಳಿ. ಊಹೆ ತಪ್ಪಾದರೂ ಸಕ್ಕರೆ ಸುಮಾರು 40-50 ಏರಿ ಮುಗಿಯುತ್ತದೆ. ಊಹೆಯ ಮೇಲೆ ಹೆಚ್ಚುವರಿ ಇನ್ಸುಲಿನ್ ಚುಚ್ಚಿಕೊಳ್ಳುವುದು ಮಾತ್ರ ಎಂದಿಗೂ ಬೇಡ.

ಮೀಟರು 120 ತೋರುತ್ತಿದೆ, ಆದರೂ ಲೋ ಲಕ್ಷಣವೆಲ್ಲ ಇದೆ, ಯಾಕೆ? ತಿಂಗಳುಗಟ್ಟಲೆ 300ರಲ್ಲಿದ್ದ ಸಕ್ಕರೆ ಬೇಗ ಇಳಿದಾಗ ದೇಹ ಅದನ್ನೇ ಕೊರತೆ ಎಂದು ತಿಳಿದು ಅಡ್ರಿನಲಿನ್ ಬಿಡುತ್ತದೆ. ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಅದಕ್ಕೆ ಸಿಹಿ ತಿನ್ನುವ ಅಗತ್ಯವಿಲ್ಲ. ಆದರೆ ಹೀಗೆಂದು ತೀರ್ಮಾನಿಸುವ ಮುಂಚೆ ಕೈ ತೊಳೆದು ಇನ್ನೊಮ್ಮೆ ನೋಡಿ, ನಾಡಿ ಎಣಿಸಿ, ಹೃದಯದ ಸಾಧ್ಯತೆಯನ್ನು ತಳ್ಳಿಹಾಕಿ.

ಯಾವಾಗ ಕಾಯಲೇಬಾರದು? ಎದೆನೋವು, ಏದುಸಿರು, ಕಣ್ಣು ಕತ್ತಲಿಟ್ಟು ಬೀಳುವುದು, ಗಲಿಬಿಲಿ ಇವುಗಳಲ್ಲಿ ಒಂದು ಜೊತೆಗಿದ್ದರೂ ಸಾಕು. ಸುಮ್ಮನೆ ಕೂತಿದ್ದರೂ ನಾಡಿ 120ಕ್ಕಿಂತ ಇಳಿಯದಿದ್ದರೂ ಅಷ್ಟೇ.

ತೋಳಿಗೆ ಅಂಟಿಸುವ ಸೆನ್ಸರ್ ರಾತ್ರಿ ಲೋ ಎಂದು ಕೂಗುತ್ತದೆ, ಎದ್ದರೆ ಬಡಿತ ಸಹಜವಾಗಿದೆ, ನಂಬಬೇಕೇ? ಸೆನ್ಸರ್ ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು ಅಳೆಯುತ್ತದೆ. ರಕ್ತಕ್ಕಿಂತ 5ರಿಂದ 15 ನಿಮಿಷ ಹಿಂದಿರುತ್ತದೆ. ಆ ತೋಳಿನ ಮೇಲೆಯೇ ಮಲಗಿದ್ದರೆ ಒತ್ತಡಕ್ಕೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ಆದರೆ ನಿದ್ದೆಯಲ್ಲಿ ನಿಜವಾದ ಲೋ ಕೂಡ ಬಡಿತ ಏರಿಸದೆ ಇರಬಹುದೆಂದು ಆಗಲೇ ಹೇಳಿದೆ. ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ತಗೊಳ್ಳಿ, 15 ನಿಮಿಷ ಎದ್ದಿದ್ದು ಮತ್ತೊಮ್ಮೆ ಚುಚ್ಚಿ ನೋಡಿದ ಮೇಲೆಯೇ ಮಲಗಿ.